ಐದನೇ ಟ್ಯಾಪೆಟ್

ಹನ್ನೊಂದು ವರ್ಷ ಮಾತು ಬಿಟ್ಟವನ ಮನೆಯಿಂದ ಫೋನ್ ಬಂದಾಗ ನಾನು ಒಲೆಯ ಮುಂದೆ ನಿಂತು ಉಪ್ಪಿಟ್ಟು ಕೆದಕುತ್ತಿದ್ದೆ. ಮಾತಾಡಿದ್ದು ಅವನಲ್ಲ, ಅವನ ಹೆಂಡತಿ. ನಾನು ಮೊದಲಿನಿಂದಲೂ ತಂಗಿ ಎಂದೇ ಕರೆದವಳು.

"ಅಣ್ಣ, ನಾವು ಕಡಕೊಳ ಬಿಟ್ಟು ನಂಜನಗೂಡಿಗೆ ಹೋಗ್ತಾ ಇದ್ದೀವಿ. ನಮ್ಮಕ್ಕನ ಪಕ್ಕದ ಮನೆ ಸಿಕ್ಕೈತೆ. ಇವ್ರಿಗೆ ಈಗ ಕಣ್ಣು ಏನೇನೂ ಕಾಣಲ್ಲ, ನನ್ನೊಬ್ಬಳ ಕೈಲಿ ಆಗಲ್ಲ. ಹಿತ್ತಲ ಶೆಡ್ಡನ್ನ ತಿಂಗಳ ಕೊನೇಲಿ ಕೆಡುವ್ತಾರಂತೆ. ಒಳಗೆ ನಿಮ್ಮಿಬ್ಬರ ಅಂಬಾಸಿಡರ್ ಗಾಡಿ ಐತಲ್ಲ ಕಣಣ್ಣ."

"ಅದಕ್ಕೇನಮ್ಮ, ಬೇರೆ ಗಾಡಿಗೆ ಕಟ್ಟಿ ಎಳ್ಕೊಂಡು ಹೋಗ್ತೀನಿ," ಎಂದೆ.

ಆ ಕಡೆ ಯಾರೋ ಗೊಣಗಿದ್ದು ಕೇಳಿಸಿತು. ಯಾರೋ ಏನು, ಅವನೇ. ತಂಗಿ ಮತ್ತೆ ಮಾತಾಡಿದಳು. "ಹಗ್ಗ ಕಟ್ಟಿ ಎಳ್ಕೊಂಡು ಹೋಗೋದಾದ್ರೆ ಬ್ಯಾಡ್ವಂತೆ. ಗುಜರಿಯವ್ನಿಗೆ ಹೇಳೈತೆ, ಅವ್ನೇ ಕುಯ್ಕೊಂಡು ಹೋಗ್ಲಿ ಅಂತಾರೆ. ಓಡಿಸ್ಕೊಂಡು ಹೋಗೋದಾದ್ರೆ ಮಾತ್ರ ನಿಮಗಂತೆ."

ಗಾಡಿಯ ಪುಸ್ತಕದಲ್ಲಿರುವುದು ನನ್ನ ಹೆಸರು. ಕಾನೂನಿನ ಪ್ರಕಾರ ನಾನು ಯಾವ ಹಗ್ಗ ಬೇಕಾದರೂ ಕಟ್ಟಬಹುದಿತ್ತು. ಆದರೂ ತಳ ಹಿಡಿಯುತ್ತಿದ್ದ ಉಪ್ಪಿಟ್ಟನ್ನು ಒಲೆಯಿಂದ ಇಳಿಸಿ, "ಆಯ್ತು, ಓಡಿಸ್ಕೊಂಡೇ ಹೋಗ್ತೀನಂತೆ ಅಂತ ಹೇಳಮ್ಮ," ಎಂದೆ. ಅವನ ಹಟದ ಕಾಯಿಲೆ ನನಗೂ ಅಂಟಿತ್ತು.

ಅವನು ಯಾರೆಂದು ಹೇಳಿಬಿಡುತ್ತೇನೆ. ನಂಜನಗೂಡು ರಸ್ತೆಯಲ್ಲಿ ನಾವಿಬ್ಬರೂ ಸೇರಿ ಗ್ಯಾರೇಜು ನಡೆಸಿದವರು. ಅವನದು ಇಂಜಿನ್, ನನ್ನದು ವೈರಿಂಗು, ಡೈನಮೋ, ಬ್ಯಾಟರಿ. ಗಿರಾಕಿಗಳಿಗೆ ಅವನು ಮೇಸ್ತ್ರಿ. ನನ್ನನ್ನು ಅವನೊಬ್ಬನೇ "ಕರೆಂಟು" ಎಂದು ಕರೆಯುತ್ತಿದ್ದ. ಈ ಅಂಬಾಸಿಡರನ್ನು ನಾವು ಯಾರದೋ ಕಾಂಪೌಂಡಿನಲ್ಲಿ ಕೊಳೆಯುತ್ತಿದ್ದಾಗ ತಂದು, ಭಾನುವಾರಗಳಲ್ಲಿ ಕೂತು ಕಟ್ಟಿದ್ದೆವು. ಇಂಜಿನ್ ಪೂರ್ತಿ ಅವನ ಕೈ, ತಂತಿ ಪೂರ್ತಿ ನನ್ನ ಕೈ. ಗಿರಾಕಿಗಳ ಗಾಡಿ ನೂರಾರು ಮಾಡಿದ್ದೇವೆ. ನಮಗೋಸ್ಕರ ಮಾಡಿಕೊಂಡದ್ದು ಇದೊಂದೇ. ಜಾಗವಿದ್ದದ್ದು ಅವನ ಹಿತ್ತಲಲ್ಲಿ, ಹಾಗಾಗಿ ಅಲ್ಲೇ ನಿಲ್ಲಿಸುತ್ತಿದ್ದೆವು.

ಜಗಳವಾದದ್ದು ಬೇರೊಬ್ಬರ ಗಾಡಿಯಿಂದ. ಮೇಸ್ತ್ರಿ ಇಂಜಿನ್ ಬಿಚ್ಚಿ ಜೋಡಿಸಿದ್ದ ಕಾರೊಂದನ್ನು ಅವನೇ ಓಡಿಸಿ ನೋಡಲು ಹೋದಾಗ ಅದು ಮಂಡಕಳ್ಳಿಯ ಹತ್ತಿರ ಕಾದು, ಇಂಜಿನ್ ಹಿಡಿದುಕೊಂಡು ನಿಂತುಬಿಟ್ಟಿತು. ಗಿರಾಕಿ ಗ್ಯಾರೇಜಿಗೆ ಬಂದು ಕೂಗಾಡಿದ. ಸಕ್ಕರೆ ಕಾಯಿಲೆಯಿಂದ ಮೇಸ್ತ್ರಿಯ ಕಣ್ಣು ಆಗಲೇ ಮಂಜಾಗುತ್ತಿತ್ತು. ಅದು ನನಗೆ ಮಾತ್ರ ಗೊತ್ತಿದ್ದ ವಿಷಯ. ನಾನು ಎಲ್ಲರೆದುರಿಗೆ, "ಹೀಟ್ ಮುಳ್ಳು ಮೇಲೆ ಹೋಗಿದ್ದು ಇವನಿಗೆ ಕಂಡಿಲ್ಲ ಸಾರ್, ಇವನ ಕಣ್ಣು ಸರಿಯಿಲ್ಲ," ಎಂದುಬಿಟ್ಟೆ. ಅವನು ಕೈಲಿದ್ದ ಸ್ಪ್ಯಾನರನ್ನು ಒರೆಸಿ, ಅದರ ಜಾಗದಲ್ಲಿಟ್ಟು, ಹೊರಟುಹೋದ. ಮತ್ತೆ ಬರಲಿಲ್ಲ. ಮಾರನೇ ದಿನ ಆ ಗಾಡಿಯ ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿದೆ. ಇಂಜಿನ್ನಿನ ಶಾಖ ತೋರಿಸುವ ಗೇಜಿನ ವೈರು ಬಿಟ್ಟುಕೊಂಡಿತ್ತು. ಮುಳ್ಳು ಮೇಲೆ ಹೋಗಿಯೇ ಇರಲಿಲ್ಲ. ಆ ವೈರು ಜೋಡಿಸಿದವನು ನಾನು. ಮತ್ತೆ ಸಿಕ್ಕಿಸಿ ಮುಚ್ಚಿಬಿಟ್ಟೆ, ಯಾರಿಗೂ ಹೇಳಲಿಲ್ಲ.

ತಂಗಿಯ ಫೋನ್ ಬಂದ ಮಾರನೇ ಬೆಳಿಗ್ಗೆ ಅಶೋಕಪುರಂನಿಂದ ಕಡಕೊಳಕ್ಕೆ ಬಸ್ಸು ಹಿಡಿದೆ. ಕೈಲಿ ಟೂಲ್ ಚೀಲ, ಮೊಸರನ್ನದ ಡಬ್ಬಿ. ತಂಗಿ ಶೆಡ್ಡಿನ ಬೀಗ ತೆಗೆದು, "ಕಾಫಿ ತರ್ತೀನಿ," ಎಂದು ಒಳಗೆ ಹೋದಳು. ಶೆಡ್ಡಿಗೂ ಮನೆಯ ಹಿಂದಿನ ಕಿಟಕಿಗೂ ನಡುವೆ ಹತ್ತು ಹೆಜ್ಜೆ. ಕಿಟಕಿಯ ಒಂದು ಬಾಗಿಲು ತೆರೆದಿತ್ತು. ಒಳಗಿಂದ ರೇಡಿಯೋ ಸದ್ದು, ನಡುವೆ ಅವನ ಕೆಮ್ಮು. ನಾನು ಬಂದ ಕೂಡಲೇ ರೇಡಿಯೋ ನಿಂತಿತು.

ಮೊದಲ ದಿನ ಏನನ್ನೂ ಸ್ಟಾರ್ಟ್ ಮಾಡಲು ಹೋಗಬಾರದು. ನಿಂತ ಗಾಡಿಗೆ ನೇರವಾಗಿ ಬ್ಯಾಟರಿ ಕೊಟ್ಟು ಕೀ ತಿರುಗಿಸುವವನು ಅದನ್ನು ಕೊಂದುಬಿಡುತ್ತಾನೆ. ಸುತ್ತ ನೋಡಿದೆ. ಟಾಪಿನ ಮೇಲೆ ಬೆರಳು ದಪ್ಪ ಧೂಳು, ಸೀಟಿನ ತೆಂಗಿನ ನಾರು ಹೊರಗೆ, ಏರ್ ಕ್ಲೀನರ್ ಒಳಗೆ ಇಲಿಗಳ ಸಂಸಾರ. ಟೈರುಗಳ ಮುಂದೆ ನೆಲದಲ್ಲಿ ಕರ್ರಗೆ ಏನೋ ಮೆತ್ತಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಕೆರೆದು ನೋಡಿದರೆ ಒಣಗಿದ ನಿಂಬೆಹಣ್ಣಿನ ಸಿಪ್ಪೆ. ಒಂದರ ಮೇಲೊಂದು, ಪದರ ಪದರ.

ಕಾಫಿ ತಂದ ತಂಗಿಯನ್ನು ಕೇಳಿದೆ.

"ವರ್ಷಾ ವರ್ಷಾ ಆಯುಧಪೂಜೆಗೆ ಚಕ್ರಕ್ಕೆ ಗಾಳಿ ತುಂಬಿ, ನಿಂಬೆಹಣ್ಣು ಇಟ್ಟು ತಳ್ಳೋದು ಕಣಣ್ಣ. ಇವ್ರು ಸ್ಟೇರಿಂಗ್ ಹಿಡ್ಕೊಂಡು ಕೂರೋರು, ನಾನು ಹಿಂದಿಂದ ತಳ್ಳೋಳು. ಹಣ್ಣು ಒಡೀತಾ ಒಡೀತಾ ಅಂತ ಕೂಗೋರು. ಒಡೀತು ಅಂದ್ರೆ ಮುಂದೆ ಬಂದು ಹಿಂದಕ್ಕೆ ತಳ್ಳಬೇಕು. ನನ್ನ ಸೊಂಟ ಬಿದ್ದೋಗೈತೆ. ಎರಡು ವರ್ಷದಿಂದ ಬುಟ್ಬುಟ್ಟೊ."

ಚಕ್ರಗಳು ಹಿಡಿದುಕೊಳ್ಳದೆ ಇದ್ದುದಕ್ಕೆ ಕಾರಣ ತಿಳಿಯಿತು. ಪಾಪ, ಆ ಹೆಂಗಸಿನ ಕೈಲಿ ತಳ್ಳಿಸುವ ಬದಲು ನನ್ನನ್ನು ಒಂದು ಸಲ ಕರೆಯಬಾರದಿತ್ತೇ? ಕರೆದಿದ್ದರೆ ನಾನು ಬರುತ್ತಿದ್ದೆನೇ ಎಂದು ಕೇಳಿಕೊಂಡೆ. ಬರುತ್ತಿರಲಿಲ್ಲ.

ನಾಲ್ಕು ಸ್ಪಾರ್ಕ್ ಪ್ಲಗ್ಗು ಬಿಚ್ಚಿದೆ. ಆ ಕಾಲದ ಗಾಡಿಗೆ ಮುಂದಿನ ಬಂಪರಿನ ತೂತಿನಲ್ಲಿ ತೂರಿಸಿ ಕೈಯಿಂದ ಇಂಜಿನ್ ತಿರುಗಿಸುವ ಹ್ಯಾಂಡಲ್ ಇರುತ್ತದೆ. ಅದನ್ನು ತೂರಿಸಿ ಒತ್ತಿದೆ. ಗೋಡೆಯನ್ನು ಒತ್ತಿದ ಹಾಗಾಯಿತು. ಟಾಪ್ ಗೇರಿಗೆ ಹಾಕಿ ಗಾಡಿಯನ್ನೇ ಅಲುಗಾಡಿಸಿದೆ. ಊಹೂಂ. ಪಿಸ್ಟನ್‌ಗಳು ಒಳಗೆ ಕಚ್ಚಿ ಕೂತಿದ್ದವು. ತುಕ್ಕು ಎಂದು ತೀರ್ಮಾನಿಸಿದೆ. ತುಕ್ಕಿಗೆ ಮದ್ದು ಯಾರಿಗೆ ಗೊತ್ತಿಲ್ಲ? ಪ್ಲಗ್ಗಿನ ತೂತುಗಳಿಗೆ ಡೀಸೆಲ್ಲು, ಸೀಮೆಎಣ್ಣೆ ಬೆರೆಸಿ ಹೊಯ್ದೆ. ಅದು ನೆನೆಯಲಿ ಎಂದು ಬೇರೆ ಕೆಲಸ ಹಿಡಿದೆ.

ಬೇರೆ ಕೆಲಸ ಬೇಕಾದಷ್ಟಿತ್ತು. ಟ್ಯಾಂಕ್ ಇಳಿಸಿದೆ. ಹಳೆಯ ಪೆಟ್ರೋಲು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ ವಾರ್ನಿಷ್ ವಾಸನೆ ಹೊಡೆಯುತ್ತಿತ್ತು. ತೊಳೆದು ಬಿಸಿಲಿಗಿಟ್ಟೆ. ಕಾರ್ಬುರೇಟರ್ ಬಿಚ್ಚಿ ಸಣ್ಣ ತೂತುಗಳನ್ನೆಲ್ಲ ಊದಿದೆ. ಪೆಟ್ರೋಲ್ ಪಂಪಿನ ಒಳಗಿನ ರಬ್ಬರ್ ಹಾಳೆ ಮುಟ್ಟಿದರೆ ಪುಡಿಯಾಯಿತು, ಹೊಸದು ತಂದೆ. ಬ್ರೇಕಿನ ವಾಷರ್‌ಗಳನ್ನೆಲ್ಲ ಬದಲಾಯಿಸಿದೆ. ಇಲಿ ಕಡಿದಿದ್ದ ವೈರುಗಳನ್ನು ಒಂದೊಂದಾಗಿ ತೆಗೆದು ಹೊಸದು ಎಳೆದೆ. ಕೊನೆಗೆ ಉಳಿದದ್ದು ಹೀಟ್ ಗೇಜಿನ ವೈರು. ಅದರ ತುದಿಗೆ ಬೆಸುಗೆ ಹಾಕಿ, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿ ಕೂರಿಸಿದೆ.

ನಿಜ ಹೇಳುತ್ತೇನೆ. ಹೆಂಡತಿ ಹೋಗಿ ಮೂರು ವರ್ಷವಾಗಿ, ಮನೆಯಲ್ಲಿ ಒಬ್ಬನೇ ಇರುವುದು ರೂಢಿಯಾಗಿತ್ತು. ಕೆಲಸದಲ್ಲಿ ಒಬ್ಬನೇ ಇರುವುದು ರೂಢಿಯಿರಲಿಲ್ಲ. ಗಾಡಿಯಡಿ ಮಲಗಿ, ನೋಡದೆಯೇ ಕೈ ಚಾಚಿ, "ಅರ್ಧ ಇಂಚು," ಎನ್ನುತ್ತಿದ್ದೆ. ಮೊದಲಾದರೆ ಅಂಗೈಗೆ ಸ್ಪ್ಯಾನರ್ ಬಂದು ಕೂರುತ್ತಿತ್ತು. ಈಗ ಕೈ ಹಾಗೇ ಚಾಚಿಕೊಂಡೇ ಇರುತ್ತಿತ್ತು. ಮೂರು ನಾಲ್ಕು ಸಲ ಹೀಗಾಯಿತು. ಪ್ರತಿ ಸಲವೂ ಗಾಡಿಯಡಿಯಿಂದ ತೆವಳಿ ಹೊರಬಂದು ನಾನೇ ಸ್ಪ್ಯಾನರ್ ತೆಗೆದುಕೊಂಡೆ. ಮಧ್ಯಾಹ್ನ ಹೊಸ್ತಿಲ ಮೇಲೆ ಕೂತು ಡಬ್ಬಿ ಬಿಚ್ಚಿದರೆ ಕಿಟಕಿಯಾಚೆ ತಟ್ಟೆ ಲೋಟದ ಸದ್ದು ಕೇಳುತ್ತಿತ್ತು. ಇಪ್ಪತ್ತು ವರ್ಷ ಒಂದೇ ಬೆಂಚಿನ ಮೇಲೆ ಊಟ ಮಾಡಿದವರು ಈಗ ಹತ್ತು ಹೆಜ್ಜೆ ದೂರದಲ್ಲಿ ಬೇರೆ ಬೇರೆಯಾಗಿ ಅನ್ನ ಕಲಸುತ್ತಿದ್ದೆವು.

ಹತ್ತು ದಿನ ಇಂಜಿನ್ ಡೀಸೆಲ್ಲಿನಲ್ಲಿ ನೆನೆಯಿತು. ದಿನಾ ಬೆಳಿಗ್ಗೆ ಹ್ಯಾಂಡಲ್ ಒತ್ತಿ ನೋಡುತ್ತಿದ್ದೆ. ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಟಾರ್ಚ್ ಬಿಟ್ಟು ತೂತಿನಲ್ಲಿ ಇಣುಕಿದರೆ ಸುರಿದ ಡೀಸೆಲ್ಲು ಸುರಿದ ಹಾಗೇ ನಿಂತಿತ್ತು, ಪಿಸ್ಟನ್ ಪಕ್ಕದಿಂದ ಒಂದು ಹನಿಯೂ ಕೆಳಗಿಳಿದಿರಲಿಲ್ಲ. ನನಗೆ ಅರ್ಥವಾಗಲಿಲ್ಲ. ತುಕ್ಕಾದರೆ ಇಷ್ಟು ಹೊತ್ತಿಗೆ ಬಿಡಬೇಕು.

ಕೇಳೋಣವೆಂದರೆ ಯಾರನ್ನು? ಫೋನಿನಲ್ಲಿ ಹೆಸರುಗಳಿವೆ. ಇಂಜಿನ್ ಬೋರಿಂಗ್ ಮಾಡುವ ಲೇತಿನವನಿಗೆ ಫೋನ್ ಮಾಡಿದೆ. ಅವನ ಸೊಸೆ ಎತ್ತಿಕೊಂಡು, "ಮಾವ ತೀರ್ಕೊಂಡು ಎರಡು ವರ್ಷ ಆಯ್ತಲ್ಲ, ನಿಮಗೆ ಗೊತ್ತಿರ್ಲಿಲ್ವಾ?" ಎಂದಳು. ರೇಡಿಯೇಟರಿನವನ ನಂಬರು ಈಗ ಯಾವುದೋ ಬ್ಯೂಟಿಪಾರ್ಲರಿನದು. ನಮ್ಮ ಗ್ಯಾರೇಜಿನ ಜಾಗದಲ್ಲಿ ಎದ್ದಿರುವ ಶೋರೂಮಿನ ಸರ್ವೀಸಿನವರನ್ನೂ ಕೇಳಿದೆ. ಆ ಹುಡುಗ ಬಹಳ ಮರ್ಯಾದೆಯಿಂದ, "ಸಾರ್, ಇದಕ್ಕೆ ಸ್ಕ್ಯಾನರ್ ಕನೆಕ್ಟ್ ಆಗಲ್ವಲ್ಲ," ಎಂದ. ಇಡೀ ಮೈಸೂರಿನಲ್ಲಿ ನನ್ನ ಪ್ರಶ್ನೆ ಅರ್ಥವಾಗುವ ಮನುಷ್ಯ ಒಬ್ಬನೇ ಉಳಿದಿದ್ದ. ಅವನು ಕಿಟಕಿಯ ಹಿಂದೆ ಕೆಮ್ಮುತ್ತಿದ್ದ.

ತಿಂಗಳು ಮುಗಿಯಲು ಎಂಟು ದಿನ ಇತ್ತು. ಅವತ್ತು ಗುಜರಿಯವನು ಬಂದು ಗಾಡಿಯ ಸುತ್ತ ತಿರುಗಿ, ಬಾಗಿಲು ತಟ್ಟಿ, "ಒಳ್ಳೇ ತಗಡು ಸ್ವಾಮಿ, ಈಗ್ಲೂ," ಎಂದು ಹೊಗಳಿ ಹೋದ. ನನಗೆ ರೇಗಿತು. ಅವನು ಹೋದದ್ದೇ ತಡ, ಮೂಲೆಯಲ್ಲಿದ್ದ ನಾಲ್ಕಡಿ ಕಬ್ಬಿಣದ ಪೈಪನ್ನು ಹ್ಯಾಂಡಲಿಗೆ ತೊಡಿಸಿದೆ. ಅಷ್ಟುದ್ದದ ಪೈಪು ಹಾಕಿ ಮೈಭಾರ ಬಿಟ್ಟರೆ ಏನಾದರೊಂದು ಆಗಲೇಬೇಕು. ಒಂದೋ ಇಂಜಿನ್ ತಿರುಗುತ್ತದೆ, ಇಲ್ಲವೇ ಒಳಗೆ ಏನೋ ಮುರಿಯುತ್ತದೆ. ಪೈಪಿನ ತುದಿಗೆ ಎದೆ ಕೊಟ್ಟು ಒತ್ತಿದೆ. ಟಣ್ ಎಂದು ಒಂದು ಸದ್ದಾಯಿತು. ಹ್ಯಾಂಡಲಿನ ಅಡ್ಡಮೊಳೆ ಬಾಗಿತ್ತು.

ಅದೇ ಗಳಿಗೆಯಲ್ಲಿ ಕಿಟಕಿಯ ಕಡೆಯಿಂದಲೂ ಒಂದು ಸದ್ದು ಬಂತು. ಕುರ್ಚಿ ಹಿಂದಕ್ಕೆ ಸರಿದದ್ದು. ಅವನು ಎದ್ದು ನಿಂತಿದ್ದಾನೆ. ಆ ಟಣ್ ಏನೆಂದು ಅವನಿಗೆ ನೋಡದೆಯೇ ಗೊತ್ತಾಗಿದೆ.

ಪೈಪು ತೆಗೆದು ಗೋಡೆಗೆ ಒರಗಿಸಿದೆ. ಕೈ ಒರೆಸಿಕೊಂಡೆ. ಹತ್ತು ಹೆಜ್ಜೆ ನಡೆಯಲು ಹನ್ನೊಂದು ವರ್ಷ ತೆಗೆದುಕೊಂಡಿದ್ದೆ. ಕಿಟಕಿಯ ಮುಂದೆ ಹೋಗಿ ನಿಂತು ಕೇಳಿದೆ.

"ಒಳಗೆ ಏನು ಹೊಯ್ದಿದ್ದೀಯ?"

ಅವನು ಸರಳು ಹಿಡಿದು ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಣ್ಣು ನನ್ನ ಭುಜದಾಚೆ ಎಲ್ಲೋ ನೆಟ್ಟಿತ್ತು.

"ಹರಳೆಣ್ಣೆ," ಎಂದ.

ಅಯ್ಯೋ ದೇವರೇ! ನನಗೆ ಹೊಳೆಯಬೇಕಿತ್ತು. ತಲೆ ಕಾದರೆ ಹರಳೆಣ್ಣೆ, ಕಣ್ಣು ಉರಿದರೆ ಹರಳೆಣ್ಣೆ, ಬಾಗಿಲು ಕಿರ್ ಎಂದರೆ ಹರಳೆಣ್ಣೆ. ಅವರಮ್ಮನಿಂದ ಬಂದ ವಿದ್ಯೆ. ಗಾಡಿ ನಿಲ್ಲಿಸಿದ ದಿನ ತುಕ್ಕು ಹಿಡಿಯದಿರಲಿ ಎಂದು ಪ್ಲಗ್ಗಿನ ತೂತುಗಳಿಗೂ ಅದನ್ನೇ ಸುರಿದಿದ್ದಾನೆ. ತುಕ್ಕೇನೋ ಹಿಡಿದಿಲ್ಲ. ಆದರೆ ಎಣ್ಣೆಯೇ ಹನ್ನೊಂದು ವರ್ಷ ಒಣಗಿ ಅರಗಿನಂತೆ ಗಟ್ಟಿಯಾಗಿ ಪಿಸ್ಟನ್‌ಗಳನ್ನು ಹಿಡಿದುಕೊಂಡಿದೆ.

"ಡೀಸೆಲ್‌ಗೆ ಅದು ಬಗ್ಗಲ್ಲ," ಎಂದ. "ಹೀರಿ ತೆಗ್ದುಬುಡು. ಸ್ಪಿರಿಟ್ ಹಾಕು, ತಿನ್ನರ್ ಬೆರೆಸಿ."

ಅಷ್ಟಕ್ಕೆ ತಿರುಗಿ ಬರಬಹುದಿತ್ತು. ಬಂದಿದ್ದರೆ ಗಾಡಿ ಹೊರಗೆ ಹೋಗುತ್ತಿತ್ತು, ಇನ್ನೊಂದು ವಿಷಯ ಒಳಗೇ ಉಳಿಯುತ್ತಿತ್ತು. "ಮೇಸ್ತ್ರಿ," ಎಂದೆ. "ಆವತ್ತು ಗೇಜಿನ ವೈರು ಬಿಟ್ಕೊಂಡಿತ್ತು. ಮುಳ್ಳು ಮೇಲೆ ಹೋಗೇ ಇರಲಿಲ್ಲ. ನಿನ್ನ ಕಣ್ಣಿನ ತಪ್ಪಲ್ಲ. ನಾನು ಜೋಡಿಸಿದ್ದ ವೈರು. ಮಾರನೇ ದಿನವೇ ಗೊತ್ತಾಯ್ತು ನನಗೆ."

ಬೈಯುತ್ತಾನೆಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಕೈಯಿಂದ ತಡಕಿ ಕಿಟಕಿಯ ಬಾಗಿಲು ಹುಡುಕಿ, ಮುಚ್ಚಿ, ಒಳಗಿಂದ ಅಗುಳಿ ಹಾಕಿಕೊಂಡ.

ಆ ಸಂಜೆ ಬಸ್ಸಿನಲ್ಲಿ ನನಗೆ ಅಳು ಬಂತು. ಅರವತ್ತೇಳರ ವಯಸ್ಸಿನಲ್ಲಿ ಸಿಟಿ ಬಸ್ಸಿನಲ್ಲಿ ಅಳುವುದು ಎಷ್ಟು ನಾಚಿಕೆಗೇಡು ಎಂದರೆ, ಕಂಡಕ್ಟರ್ ಟಿಕೆಟ್ ಕೇಳುವುದನ್ನೇ ಬಿಟ್ಟು ಮುಂದೆ ಹೋದ.

ಆದರೂ ಮಾರನೇ ದಿನ ಹೋದೆ. ಸಿರಿಂಜಿಗೆ ಪೈಪು ಸಿಕ್ಕಿಸಿ ಡೀಸೆಲ್ಲನ್ನೆಲ್ಲ ಹೀರಿ ತೆಗೆದೆ. ಮೆಡಿಕಲ್ ಸ್ಟೋರಿನಿಂದ ಸ್ಪಿರಿಟ್ಟು, ಪೇಂಟ್ ಅಂಗಡಿಯಿಂದ ತಿನ್ನರು ತಂದು ಬೆರೆಸಿ ಹಾಕಿದೆ. ಎರಡು ದಿನ ನೆನೆಸಿದರೂ ಹ್ಯಾಂಡಲ್ ಅಲುಗಲಿಲ್ಲ. ಹೀರಿ ತೆಗೆದ ಸ್ಪಿರಿಟ್ಟು ಮಾತ್ರ ಹೊಂಬಣ್ಣವಾಗಿತ್ತು. ಏನೋ ಕರಗುತ್ತಿದೆ ಎಂದಾಯಿತು. ಮೂರನೇ ದಿನ ತಂಗಿ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು. ಮುಖದಲ್ಲಿ ಸಣ್ಣ ನಗು.

"ಎಣ್ಣೆ ಹಚ್ಚಿದ್ ಮೇಲೆ ಬಿಸಿನೀರು ಹಾಕ್ಬೇಕು ಅಂತ ಆ ಕರೆಂಟಿಗೆ ಗೊತ್ತಿಲ್ವಾ ಅಂತ ಕೇಳ್ತಾವ್ರೆ."

"ಕರೆಂಟಿಗೆ ಅಂದ್ನಾ?"

"ಊಂ ಕಣಣ್ಣ. ಹಂಡೇಲಿ ನೀರು ಕಾಯಕ್ಕೆ ಇಟ್ಟಿವ್ನಿ."

ಪ್ಲಗ್ಗಿನ ತೂತುಗಳಲ್ಲಿದ್ದುದನ್ನೆಲ್ಲ ಮತ್ತೆ ಹೀರಿ ತೆಗೆದು, ಒರೆಸಿ, ಹೊಸ ಸ್ಪಿರಿಟ್ಟು ಹಾಕಿದೆ. ರೇಡಿಯೇಟರಿಗೆ ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಬಿಸಿ, ಆಮೇಲೆ ಕುದಿಯುವುದು. ಒಮ್ಮೆಗೇ ಸುಡುನೀರು ಹೊಯ್ದರೆ ತಣ್ಣಗಿರುವ ಬ್ಲಾಕು ಬಿರಿಯುತ್ತದೆ. ಕೆಳಗಿನ ನಲ್ಲಿ ಬಿಟ್ಟು ತಣ್ಣಗಾದ ನೀರು ತೆಗೆಯುವುದು, ಮೇಲಿಂದ ಬಿಸಿನೀರು ಹೊಯ್ಯುವುದು. ಹಂಡೆಯಿಂದ ಶೆಡ್ಡಿಗೆ ಕೊಡ ಹೊತ್ತು ಹೊತ್ತು ತಂಗಿ ಬೆವರಿಳಿಸಿದಳು. ಇಂಜಿನ್ನಿನ ಮೇಲೆ ಅಂಗೈ ಇಟ್ಟರೆ ಜ್ವರ ಬಂದ ಮೈಯ ಹಾಗೆ ಕಾದಿತ್ತು. ಬಾಗಿದ ಮೊಳೆಯನ್ನು ಬದಲಾಯಿಸಿದ್ದೆ. ಪೈಪಿಲ್ಲದೆ, ಬರಿಗೈಯಲ್ಲೇ ಹ್ಯಾಂಡಲ್ ಹಿಡಿದು ಒತ್ತಿದೆ.

ಬೆರಳಗಲ ಸರಿಯಿತು.

ಹಿಂದಕ್ಕೆ ಒತ್ತಿದೆ, ಬಂತು. ಮುಂದಕ್ಕೆ ಇನ್ನೆರಡು ಬೆರಳು. ಆತುರ ಪಡಲಿಲ್ಲ. ಹಿಂದೆ ಮುಂದೆ, ಹಿಂದೆ ಮುಂದೆ, ಅರ್ಧ ಗಂಟೆ. ಕೊನೆಗೆ ಹ್ಯಾಂಡಲ್ ಪೂರ್ತಿ ಒಂದು ಸುತ್ತು ಬಂದಾಗ ನಾನು ಗಟ್ಟಿಯಾಗಿ, "ಬಂತು ಕಣೋ!" ಎಂದು ಕೂಗಿದೆ. ಕಿಟಕಿ ಮುಚ್ಚಿತ್ತು. ಅದರ ಹಿಂದೆ ಒಂದು ಕೆಮ್ಮು ಕೇಳಿಸಿತು, ಅಷ್ಟೇ.

ಉಳಿದದ್ದಕ್ಕೆ ನಾಲ್ಕು ದಿನ ಹಿಡಿಯಿತು. ಹಳೆಯ ಇಂಜಿನ್ ಆಯಿಲ್ ಇಳಿಸಿ ಹೊಸದು ತುಂಬಿದೆ. ಪ್ಲಗ್ಗಿಲ್ಲದೆ ಸ್ಟಾರ್ಟರ್ ತಿರುಗಿಸಿ ಆಯಿಲ್ ಮೇಲೇರುವುದನ್ನು ನೋಡಿಕೊಂಡೆ. ಕಿಡಿ ಕೊಡುವ ಪಾಯಿಂಟು ಉಜ್ಜಿ, ಪ್ಲಗ್ಗು ಹಾಕಿ, ಕೀ ತಿರುಗಿಸಿದರೆ ಬರೀ ಸುತ್ತುತ್ತದೆ, ಹೊತ್ತಿಕೊಳ್ಳುವುದಿಲ್ಲ. ಕಂಡೆನ್ಸರ್ ಸತ್ತಿತ್ತು. ನನ್ನ ವಿಭಾಗದ ತಪ್ಪು, ಹತ್ತು ನಿಮಿಷದಲ್ಲಿ ಸಿಕ್ಕಿತು. ನಡುವೆ ಒಂದು ದಿನ ಪೂರ್ತಿ ಇನ್ಶೂರೆನ್ಸಿಗೂ ಆರ್‌ಟಿಒಗೂ ಅಲೆದೆ. ಕೊನೆಯ ದಿನದ ಬೆಳಿಗ್ಗೆ ಗಾಡಿ ಎರಡು ಸಲ ಕೆಮ್ಮಿ, ಒಂದು ಸಲ ಸಿಡಿದು, ಸ್ಟಾರ್ಟ್ ಆಯಿತು.

ಹೊಗೆ! ಶೆಡ್ಡು ತುಂಬಿ, ಹಿತ್ತಲು ತುಂಬಿ, ಮನೆಯೊಳಗೂ ನುಗ್ಗಿತು. ಹೊಗೆ ಕೊಳವೆಯಲ್ಲಿ ಉಳಿದಿದ್ದ ಹರಳೆಣ್ಣೆಯೆಲ್ಲ ಸುಟ್ಟು ಇಡೀ ಹಿತ್ತಲು ದೀಪಾವಳಿಯ ಬೆಳಗಿನ ಬಚ್ಚಲುಮನೆಯಂತೆ ನಾರಿತು. ಹಿಂದಿನ ಬಾಗಿಲು ತೆರೆಯಿತು. ಮೇಸ್ತ್ರಿ ಗೋಡೆ ಸವರಿಕೊಂಡು ಬಂದ. ನಾನು ಕೈ ಹಿಡಿಯಲು ಹೋದೆ, ಕೊಡವಿಕೊಂಡ. ಬಾನೆಟ್ಟಿನ ಅಂಚು ಹುಡುಕಿ, ಓಡುತ್ತಿದ್ದ ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟು, ತಲೆ ಓರೆ ಮಾಡಿ ನಿಂತ.

"ಐದನೇ ಟ್ಯಾಪೆಟ್ ಲೂಸ್ ಐತೆ. ಕಟಕಟ ಅಂತಾ ಐತೆ, ಕೇಳ್ಸಲ್ವಾ?"

ಇಂಜಿನ್ ತಲೆಯ ಮೇಲೆ ಎಂಟು ಪುಟ್ಟ ತೋಳುಗಳು ಸಾಲಾಗಿ ಬಡಿಯುತ್ತಿರುತ್ತವೆ. ಅವುಗಳಲ್ಲಿ ಒಂದರ ಸಂದು ಕೂದಲೆಳೆ ಹೆಚ್ಚಾದರೂ ಸದ್ದು ಬದಲಾಗುತ್ತದೆ. ನನಗೆ ಕೇಳಿಸಿರಲಿಲ್ಲ. "ಸರಿ ಮಾಡ್ಕೋತೀನಿ," ಎಂದೆ.

ತಂಗಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟಳು. "ಗಾಡಿ ಹತ್ತು ಮೇಸ್ತ್ರಿ, ನಂಜನಗೂಡು ರಸ್ತೇಲಿ ಒಂದು ಸುತ್ತು ಹೋಗಿ ಬರೋಣ," ಎಂದೆ. "ಬ್ಯಾಡ," ಎಂದ. ಗಾಡಿ ಸರಿದಾಗ, "ಒಡೀತಾ?" ಎಂದು ಕೂಗಿದ. "ನಾಕೂ ಒಡೀತು," ಎಂದಳು ತಂಗಿ. ಅವನು ತಲೆಯಾಡಿಸಿ ಗೋಡೆ ಸವರಿಕೊಂಡು ಒಳಗೆ ಹೋದ. ನಾನು ಮಂಡಕಳ್ಳಿ ದಾಟಿ ಒಬ್ಬನೇ ಮನೆಗೆ ಬಂದೆ. ಪಕ್ಕದ ಸೀಟಿನ ಮೇಲೆ ಟೂಲ್ ಚೀಲ ಇಟ್ಟುಕೊಂಡಿದ್ದೆ, ಖಾಲಿ ಕಾಣದಿರಲಿ ಎಂದು.

ಅವರು ನಂಜನಗೂಡಿಗೆ ಹೋದ ಮೊದಲ ಭಾನುವಾರ ಫೋನ್ ಬಂತು. ತಂಗಿಯ ನಂಬರು, ಆದರೆ ದನಿ ಅವಳದಲ್ಲ.

"ಸ್ಟಾರ್ಟ್ ಮಾಡು."

ಮನೆ ಮುಂದೆ ನಿಂತ ಗಾಡಿಯ ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿ, ಫೋನನ್ನು ಇಂಜಿನ್ನಿನ ಹತ್ತಿರ ಹಿಡಿದೆ. ಒಂದು ನಿಮಿಷ ಅವನು ಕಿವಿಗೊಟ್ಟು ಕೇಳಿದ.

"ಐದನೇದು ಇನ್ನೂ ಹಂಗೇ ಐತಲ್ಲೋ ಕರೆಂಟು. ಸರಿ ಮಾಡ್ಬುಡು," ಎಂದು ಕಟ್ ಮಾಡಿದ. ಹೇಗಿದ್ದೀಯ ಎನ್ನಲಿಲ್ಲ, ಊಟ ಆಯ್ತಾ ಎನ್ನಲಿಲ್ಲ.

ಮುಚ್ಚಳ ಬಿಚ್ಚಿ ಸಂದು ಅಳೆಯುವ ಗೇಜು ತೂರಿಸಿ ನೋಡಿದೆ. ಐದನೆಯದೇ. ಸ್ಕ್ರೂಡ್ರೈವರ್ ಒಂದು, ಸ್ಪ್ಯಾನರ್ ಒಂದು, ಐದು ನಿಮಿಷದ ಕೆಲಸ. ಸ್ಪ್ಯಾನರ್ ಹಚ್ಚಿದವನು ಹಾಗೇ ತೆಗೆದು, ಮುಚ್ಚಳ ಮತ್ತೆ ಕೂರಿಸಿಬಿಟ್ಟೆ. ಮುಂದಿನ ಭಾನುವಾರ ಮತ್ತೆ ಫೋನ್ ಬಂತು, ಅದರ ಮುಂದಿನ ಭಾನುವಾರವೂ ಬಂತು. ಪ್ರತಿ ಸಲವೂ ಬೈಯುತ್ತಾನೆ, ಪ್ರತಿ ಸಲವೂ ನಾನು, "ಈ ವಾರ ಸರಿ ಮಾಡ್ತೀನಿ ಮೇಸ್ತ್ರಿ," ಎನ್ನುತ್ತೇನೆ. ಐದನೇ ಟ್ಯಾಪೆಟ್ ಇವತ್ತಿಗೂ ಕಟಕಟ ಎನ್ನುತ್ತಿದೆ.